ಅಗೆಯದೆ ರಿಪೇರಿ: ಅದು ಬರೀ ತೇಪೆಯೇ?

ರಸ್ತೆ ಅಗೆಯದೆ ಹಳೆಯ ಒಳಚರಂಡಿ ಕೊಳವೆಗೆ ಒಳಪದರ ಹಾಕುವುದು ತಾತ್ಕಾಲಿಕ ತೇಪೆಯಷ್ಟೇ, ಅದರಿಂದ ಕೊಳವೆ ಕಿರಿದಾಗಿ ಬೇಗ ಕಟ್ಟಿಕೊಳ್ಳುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ ಸರಿಯಲ್ಲ. 1971ರಲ್ಲಿ ಲಂಡನ್‌ನಲ್ಲಿ ಎರಿಕ್ ವುಡ್ ಮೊದಲು ಪ್ರಯೋಗಿಸಿದ ಈ ವಿಧಾನದಲ್ಲಿ, ರಾಳದಲ್ಲಿ ನೆನೆಸಿದ ಬಟ್ಟೆಯ ಚೀಲವನ್ನು ಮ್ಯಾನ್‌ಹೋಲ್ ಮೂಲಕ ಇಳಿಸಿ, ನೀರು ಅಥವಾ ಗಾಳಿಯ ಒತ್ತಡದಿಂದ ಕಾಲುಚೀಲದಂತೆ ಒಳಮಗ್ಗುಲು ಹೊರಳಿಸುತ್ತ ಮುಂದೆ ತಳ್ಳಿ, ಬಿಸಿನೀರು, ಹಬೆ ಇಲ್ಲವೇ ನೇರಳಾತೀತ ಬೆಳಕಿನಿಂದ ಗಟ್ಟಿಗೊಳಿಸುತ್ತಾರೆ. ಹೀಗೆ ಹಳೆಯದರೊಳಗೆ ಕೀಲುಗಳಿಲ್ಲದ ಹೊಸ ಕೊಳವೆಯೇ ರೂಪುಗೊಳ್ಳುತ್ತದೆ. ವ್ಯಾಸ ಕೆಲವು ಮಿಲಿಮೀಟರ್ ತಗ್ಗುವುದು ನಿಜ, ಆದರೆ ಒಳಮೈ ನುಣುಪಾಗುವುದರಿಂದ ಹರಿವು ಸಾಮಾನ್ಯವಾಗಿ ಕುಗ್ಗುವುದಿಲ್ಲ. ಒಳಪದರದಿಂದ ಮುಚ್ಚಿಹೋದ ಮನೆಸಂಪರ್ಕಗಳ ಬಾಯಿಗಳನ್ನು ರೋಬೋ ಕತ್ತರಿ ಒಳಗಿನಿಂದಲೇ ತೆರೆಯುತ್ತದೆ. ಹಾಗೆಂದು ಇದು ಸರ್ವರೋಗ ಪರಿಹಾರವೇನಲ್ಲ: ಪೂರ್ತಿ ಕುಸಿದ ಕೊಳವೆಯನ್ನು ಅಗೆದೇ ಬದಲಿಸಬೇಕು, ಇಳಿಜಾರು ಕೆಟ್ಟಿದ್ದರೆ ಒಳಪದರವೂ ಅದೇ ತಗ್ಗನ್ನು ಅನುಸರಿಸುತ್ತದೆ.