ಹೊರದೇಶದ ಹೆಲ್ಮೆಟ್: ಓಡಾಡುತ್ತಿರುವ ಮಾತು ಅರ್ಧ ತಪ್ಪು

ವಾಟ್ಸಾಪಿನಲ್ಲಿ ಒಂದು ಮೆಸೇಜ್ ಸುತ್ತುತ್ತಿದೆ. "ಬೆಂಗಳೂರಿನ ಜೆ.ಸಿ. ರಸ್ತೆಯ ಹೆಲ್ಮೆಟ್ ಅಂಗಡಿಯವರು ಸುಮ್ನೆ ದುಡ್ಡು ಕೀಳ್ತಾರೆ. ಹೊರದೇಶದ ಸೈಟಿನಿಂದ ತರಿಸಿ, ಡಾಟ್ ಸ್ಟಿಕರ್ ಇದ್ದರೆ ಸಾಕು. ಗಿಫ್ಟ್ ಅಂತ ಬರೆಸಿದರೆ ತೆರಿಗೆಯೂ ಇಲ್ಲ."

ಗಿಫ್ಟಿನ ಮಾತು ಹಳೆಯದು. ₹5,000ದೊಳಗಿನ ಗಿಫ್ಟ್ ಪಾರ್ಸೆಲ್‌ಗಿದ್ದ ವಿನಾಯಿತಿ 2019ರ ಡಿಸೆಂಬರ್‌ನಲ್ಲೇ ಹೋಯಿತು. ಉಳಿದದ್ದು ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ. ಹೆಲ್ಮೆಟ್ ರಾಖಿ ಅಲ್ಲವಲ್ಲ! ಸೈಟಿನಲ್ಲಿ ಕಾಣುವ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಸಾಗಣೆ ಎಲ್ಲ ಸೇರುತ್ತದೆ.

ಡಾಟ್ ಅಮೆರಿಕದ ಸುರಕ್ಷತಾ ಗುರುತು. ಅಲ್ಲಿ ತಯಾರಕರೇ ಅದನ್ನು ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಮೇಲೆ ಐಎಸ್ 4151 (ಹೆಲ್ಮೆಟ್ ಮಾನದಂಡದ ಸಂಖ್ಯೆ), ಕೆಳಗೆ ಸಿಎಂ/ಎಲ್ ಸಂಖ್ಯೆ, ಅಂದರೆ ತಯಾರಕರ ಲೈಸೆನ್ಸ್ ಸಂಖ್ಯೆ, ಇರಬೇಕು. ಆ ಲೈಸೆನ್ಸ್ ಸಂಖ್ಯೆಯನ್ನು ಐಎಸ್‌ಐ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಫುಟ್‌ಪಾತ್ ಹೆಲ್ಮೆಟ್‌ಗಳ ಮೇಲೂ ಐಎಸ್‌ಐ ಸ್ಟಿಕರ್ ಇರುತ್ತದೆ, ಅದನ್ನೇ ನಂಬಬೇಡಿ.

ಬೆಲೆಯ ದೂರು ಪೂರ್ತಿ ಸುಳ್ಳಲ್ಲ. ಇಲ್ಲಿನದೇ ಐಎಸ್‌ಐ ಹೆಲ್ಮೆಟ್ ಆನ್‌ಲೈನ್‌ನಲ್ಲಿ ಎಷ್ಟೋ ಸಲ ಕಡಿಮೆಗೆ ಸಿಗುತ್ತದೆ, ತಗೊಳ್ಳಿ, ತಪ್ಪೇನಿಲ್ಲ. ಆದರೆ ಅಂಗಡಿಯಲ್ಲಿ ತಲೆಗೆ ಹಾಕಿ, ಪಟ್ಟಿ ಬಿಗಿದು, ತಲೆ ಅಲ್ಲಾಡಿಸಿ ನೋಡಬಹುದು. ಕೆನ್ನೆಗೆ ಒತ್ತಬೇಕು, ಹಣೆ ನೋಯಬಾರದು. ಇದು ಫೋಟೋದಲ್ಲಿ ಗೊತ್ತಾಗಲ್ಲ, ಅಲ್ವಾ?