ಈಗ ಬೇಡ, ಆಮೇಲೂ ಬೇಡ

1974ರಲ್ಲಿ ನ್ಯೂಯಾರ್ಕ್ ರಾಜ್ಯದ ಪಕೀಪ್ಸಿ ಊರಿನ ಕೋರ್ಟು ಒಬ್ಬ ಸಾಲಗಾರನ ಮೇಲೆ 534 ಡಾಲರ್ 36 ಸೆಂಟಿಗೆ ಡಿಕ್ರಿ ಮಾಡಿತು. ಆ 36 ಸೆಂಟನ್ನೂ ಬಿಟ್ಟಿಲ್ಲ ನೋಡಿ. ನಿನ್ನ ಹತ್ತಿರ ಏನೇನಿದೆ, ಬಂದು ಹೇಳು ಎಂದು ಸಮನ್ಸ್ ಬಂತು. ಅವನು ಹೋಗಲಿಲ್ಲ. ಕೋರ್ಟಿಗೆ ಅವಮಾನ ಆಯಿತು ಅಂತ ದಂಡ ಬಿತ್ತು, ಖರ್ಚು ಸೇರಿ 270 ಡಾಲರ್. ಸಾಲ ತೀರಿಸಲಾಗದವನ ಜೇಬಿನಲ್ಲಿ ದಂಡಕ್ಕಂತೂ ದುಡ್ಡು ಇದ್ದೇ ಇರುತ್ತದೆ ಅಲ್ವಾ? ಕಟ್ಟಲಿಲ್ಲ, ಜೈಲಿಗೆ ಹಾಕಿದರು. ಕಟ್ಟಿದ, ಬಿಟ್ಟರು. ಸಾಲಕ್ಕೆ ಜೈಲು ಅಂತ ಯಾರೂ ತಪ್ಪು ತಿಳಿಯಬೇಡಿ. ಕರೆದಾಗ ಬರಲಿಲ್ಲ, ಅದಕ್ಕೆ ಜೈಲು.

ಅಮೆರಿಕದಲ್ಲಿ ರಾಜ್ಯಗಳ ಕೋರ್ಟುಗಳೇ ಬೇರೆ, ಕೇಂದ್ರದ ಫೆಡರಲ್ ಕೋರ್ಟುಗಳೇ ಬೇರೆ. ಅವನೂ ಅವನಂಥ ಇನ್ನೂ ಕೆಲವರೂ ಫೆಡರಲ್ ಕೋರ್ಟಿಗೆ ಹೋದರು. ಅಲ್ಲಿನ ನ್ಯಾಯಾಧೀಶರು, ಇದು ಸಂವಿಧಾನಕ್ಕೆ ವಿರುದ್ಧ, ನಿಲ್ಲಿಸಿ ಎಂದರು. 1977ರಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ಕಿತ್ತುಹಾಕಿತು. ಜೈಲಿಗೆ ಹಾಕಿದ್ದು ಸರಿಯೋ ತಪ್ಪೋ? ಅದನ್ನು ಹೇಳಲೇ ಇಲ್ಲ. ರಾಜ್ಯದ ಕೋರ್ಟಿನಲ್ಲಿ ಕೇಸು ನಡೆಯುವಾಗ ನಾವು ಮಧ್ಯೆ ಬಾಯಿ ಹಾಕಬಾರದು, ನಿನ್ನ ಗೋಳು ಅಲ್ಲೇ ಹೇಳಿಕೋ, ಅಷ್ಟೇ. 1971ರ ಯಂಗರ್ ತೀರ್ಪಿನಲ್ಲಿ ಕ್ರಿಮಿನಲ್ ಕೇಸಿಗೆ ಮಾಡಿದ ನಿಯಮ ಇದು. ಎಳೆದು ಸಾಲಕ್ಕೂ ಹೊದಿಸಿದರು.

ಸರಿ, ಕೇಸು ಮುಗಿದ ಮೇಲೆ ಹೋದರೆ? ಆಗ 1923ರ ರೂಕರ್ ತೀರ್ಪು ಅಡ್ಡ ಬರುತ್ತದೆ. ರಾಜ್ಯದ ಕೋರ್ಟ್ ಕೊಟ್ಟ ತೀರ್ಪನ್ನು ಕೆಳಗಿನ ಫೆಡರಲ್ ಕೋರ್ಟ್ ಮುಟ್ಟುವಂತಿಲ್ಲ. ಬೇಕಾದರೆ ರಾಜ್ಯದೊಳಗೇ ಅಪೀಲು ಹತ್ತಿಕೊಂಡು ಹೋಗಿ, ಕೊನೆಗೆ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಬಾಗಿಲು ಬಡಿಯಬೇಕು. 534 ಡಾಲರ್ ಸಾಲಕ್ಕೆ! ಮದುವೆಮನೆಗೆ ಬೇಗ ಹೋದರೆ ಇನ್ನೂ ಎಲೆ ಹಾಕಿಲ್ಲ, ತಡವಾಗಿ ಹೋದರೆ ಎಲೆ ಎತ್ತಾಯಿತು.

ಬಡವನಿಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ, ಈ ಸಮಾನತೆಯನ್ನು ಮೆಚ್ಚಲೇಬೇಕು. 1985ರಲ್ಲಿ ಟೆಕ್ಸಾಸಿನ ಜ್ಯೂರಿ, ಪೆನ್ಜಾಯಿಲ್ ಕಂಪನಿಗೆ ಸಾವಿರ ಕೋಟಿಗೂ ಜಾಸ್ತಿ ಡಾಲರ್ ಕೊಡು ಎಂದು ತೈಲ ಕಂಪನಿ ಟೆಕ್ಸಾಕೋಗೆ ಹೇಳಿತು. ಅಪೀಲು ಮುಗಿಯುವವರೆಗೆ ವಸೂಲಿ ತಡೆಯಬೇಕಾದರೆ 1,300 ಕೋಟಿ ಡಾಲರಿಗೂ ಮೇಲೆ ಜಾಮೀನು ಬಾಂಡ್ ಕೊಡಬೇಕಿತ್ತು. ಟೆಕ್ಸಾಕೋ ನ್ಯೂಯಾರ್ಕಿನ ಫೆಡರಲ್ ಕೋರ್ಟಿಗೆ ಓಡಿ ತಡೆ ತಂದಿತು. 1987ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಅದೇ ರಾಗ ಹಾಡಿತು: ಟೆಕ್ಸಾಸಿನಲ್ಲೇ ಹೇಳಿಕೋ.

ವಾರ ತುಂಬುವುದರೊಳಗೆ ಟೆಕ್ಸಾಕೋ ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲಿ ದಿವಾಳಿ ಕೇಸು ನಡೆಯುವುದು ಫೆಡರಲ್ ಕೋರ್ಟಿನಲ್ಲೇ. ಅರ್ಜಿ ಬಿದ್ದ ಕೂಡಲೇ ರಾಜ್ಯದ ಕೋರ್ಟಿನ ವಸೂಲಿ ತಾನಾಗಿ ನಿಲ್ಲುತ್ತದೆ. ಆಗ ಮಧ್ಯೆ ಬಾಯಿ ಹಾಕಲು ಫೆಡರಲ್ ಕೋರ್ಟಿಗೆ ಯಾವ ಸಂಕೋಚವೂ ಇಲ್ಲ. ಮುಳುಗುವ ಮುಂಚೆ ಬಂದಿದ್ದೇ ಟೆಕ್ಸಾಕೋದ ತಪ್ಪು.