ಬಿಸಿನೀರಿನ ಪ್ರಶ್ನೆ ಕೇಳಿದ ಮಗುವನ್ನು ಗದರಿಸಬೇಡಿ

ಬಿಸಿನೀರು ತಣ್ಣೀರಿಗಿಂತ ಬೇಗ ಐಸ್ ಆಗುತ್ತದಾ ಅಂತ ಮಗು ಕೇಳಿದರೆ, ದಯವಿಟ್ಟು ‘ಸುಮ್ನೆ ತಲೆ ತಿನ್ನಬೇಡ’ ಅನ್ನಬೇಡಿ. ಇಲ್ಲೇ ಬನಶಂಕರಿಯಲ್ಲಿ ಟ್ಯೂಷನ್‌ಗೆ ಹೋಗುವ ನಮ್ಮ ಅಕ್ಕನ ಮಗಳಿಗೆ ಸಿಕ್ಕ ಉತ್ತರ: ‘ಸಿಲೆಬಸ್‌ನಲ್ಲಿ ಇಲ್ಲ, ಬಿಡು.’ ಕೇಳಿ ತುಂಬಾ ಬೇಜಾರಾಯಿತು.

1963ರಲ್ಲಿ ಇದೇ ಪ್ರಶ್ನೆ ಎತ್ತಿದವನು ಆಫ್ರಿಕಾದ, ಈಗಿನ ತಾಂಜಾನಿಯಾದ, ಶಾಲಾ ಹುಡುಗ ಎರಾಸ್ಟೋ ಎಂಪೆಂಬಾ. ಶಾಲೆಯಲ್ಲಿ ಹುಡುಗರು ಐಸ್ ಕ್ರೀಮ್ ಮಾಡುತ್ತಿದ್ದರು. ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿದ ಮೇಲೆ ಫ್ರೀಜರಿಗೆ ಇಡಬೇಕು. ಜಾಗ ಸಿಗಲಿಕ್ಕಿಲ್ಲ ಅಂತ ಇವನು ಬಿಸಿ ಇದ್ದ ಹಾಗೆಯೇ ಇಟ್ಟುಬಿಟ್ಟ. ಗಟ್ಟಿಯಾದದ್ದು ಇವನದೇ ಮೊದಲು! ಮೇಷ್ಟ್ರು ನಂಬಲಿಲ್ಲ. ಮುಂದೆ ಹೈಸ್ಕೂಲಿನಲ್ಲಿ ‘ಇದು ಎಂಪೆಂಬಾನ ಫಿಸಿಕ್ಸ್’ ಅಂತ ಗೇಲಿ ಬೇರೆ. ಆದರೂ ಹುಡುಗ ಬಿಡಲಿಲ್ಲ. ಶಾಲೆಗೆ ಬಂದಿದ್ದ ಪ್ರೊಫೆಸರ್ ಡೆನಿಸ್ ಆಸ್ಬೋರ್ನ್ ಅವರನ್ನೇ ಕೇಳಿದ. ಅವರು ನಗಲಿಲ್ಲ, ಲ್ಯಾಬಿನಲ್ಲಿ ಮಾಡಿಸಿ ನೋಡಿದರು. 1969ರಲ್ಲಿ ಇಬ್ಬರೂ ಸೇರಿ ಪ್ರಬಂಧ ಬರೆದರು. ನನಗೆ ಆ ಪ್ರೊಫೆಸರ್ ಮೇಲೆ ಗೌರವ ಹುಟ್ಟುವುದು ಇಲ್ಲೇ.

ಕಾರಣ ಏನು? ಬಿಸಿನೀರು ಆವಿಯಾಗಿ ಸ್ವಲ್ಪ ಕಡಿಮೆಯಾಗುತ್ತದೆ, ಹೋಗುವ ಆವಿ ಶಾಖವನ್ನೂ ಒಯ್ಯುತ್ತದೆ. ಕುದಿಸಿದ ನೀರಿನಲ್ಲಿ ಕರಗಿದ ಗಾಳಿ ಕಡಿಮೆ, ಅದೂ ಕಾರಣ ಅನ್ನುವವರೂ ಇದ್ದಾರೆ. ಇನ್ನು, ನೀರು ಸೊನ್ನೆ ಡಿಗ್ರಿಗೆ ಬಂದ ತಕ್ಷಣ ಐಸ್ ಆಗಲೇಬೇಕು ಅಂತೇನಿಲ್ಲ. ಅದಕ್ಕಿಂತ ತಣ್ಣಗಾಗಿಯೂ ನೀರಾಗೇ ಉಳಿಯಬಹುದು. ಯಾವ ಲೋಟದ್ದು ಎಲ್ಲಿಯವರೆಗೆ ಇಳಿಯುತ್ತದೆ ಅನ್ನುವುದರ ಮೇಲೆ ಗೆಲ್ಲುವವರು ಬದಲಾಗುತ್ತಾರೆ. ಹಳೇ ಫ್ರಿಜ್ ಇರುವ ಮನೆಯಲ್ಲಿ ಇನ್ನೊಂದು ಮಜಾ ಇದೆ. ಫ್ರೀಜರಿನ ತಳದಲ್ಲಿ ಹಿಮ ಕಟ್ಟಿರುತ್ತದೆ ಅಲ್ವಾ? ಬಿಸಿ ಲೋಟ ಅದನ್ನು ಕರಗಿಸಿಕೊಂಡು ತಣ್ಣನೆಯ ತಳಕ್ಕೆ ಅಂಟಿ ಕೂರುತ್ತದೆ. ತಣ್ಣೀರಿನ ಲೋಟ ಹಿಮದ ಮೇಲೇ ಉಳಿಯುತ್ತದೆ. ಆ ಹಿಮ ಲೋಟದ ಶಾಖವನ್ನು ಬೇಗ ಹೊರಗೆ ಹೋಗಲು ಬಿಡುವುದಿಲ್ಲ.

ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. ಜಾಸ್ತಿ ಸಲ ತಣ್ಣೀರೇ ಮೊದಲು. 2016ರಲ್ಲಿ ಬಂದ ಒಂದು ಅಧ್ಯಯನವಂತೂ ಥರ್ಮಾಮೀಟರ್ ಇಟ್ಟ ಎತ್ತರ ಒಂದು ಸೆಂಟಿಮೀಟರ್ ಆಚೀಚೆ ಆದರೂ ಫಲಿತಾಂಶ ತಿರುಗಿಬಿಡಬಹುದು ಎಂದಿತು. ವಿಜ್ಞಾನಿಗಳೇ ಇನ್ನೂ ಚರ್ಚೆ ಮಾಡುತ್ತಿರುವ ಪ್ರಶ್ನೆಗೆ ಪಾಠದ ಮನೆಯಲ್ಲಿ ಐದು ನಿಮಿಷ ಇಲ್ಲವೇ?

ಮನೆಯಲ್ಲೇ ಮಾಡಿಸಿ. ಒಂದೇ ಥರದ ಎರಡು ಸ್ಟೀಲ್ ಲೋಟ, ಅಳೆದು ಹಾಕಿದ ನೀರು, ತಳದ ಹಿಮ ಕರಗಿ ಲೆಕ್ಕ ತಪ್ಪದಿರಲಿ ಅಂತ ಎರಡರ ಕೆಳಗೂ ರಟ್ಟು. ಗಾಜಿನ ಲೋಟ ಬೇಡ, ಸೀಳುತ್ತದೆ. ಬಿಸಿನೀರನ್ನು ನೀವೇ ಹಾಕಿ. ಮೊದಲ ಐಸ್ ಪೊರೆ ಕಂಡಾಗ ಗೆದ್ದಂತೋ, ಪೂರ್ತಿ ಗಟ್ಟಿಯಾದಾಗಲೋ ಅನ್ನುವುದನ್ನು ಮಾತ್ರ ಬಾಗಿಲು ಮುಚ್ಚುವ ಮುಂಚೆ ಮಕ್ಕಳೇ ತೀರ್ಮಾನ ಮಾಡಲಿ.